ಬೆಟ್ಟದ ಕೌಂಟಿಗೆ ಪ್ರವಾಹ ವಿಮೆ: ಅಮೆರಿಕದ ಸರ್ಕಾರಿ ಪಾಲಿಸಿ ಎಷ್ಟು ಆಸರೆ?

ನಾರ್ತ್ ಕೆರೊಲೈನಾದ ಪಶ್ಚಿಮದಲ್ಲಿ, ಟೆನೆಸಿಯ ಗಡಿಗೆ ಒತ್ತಿಕೊಂಡಿರುವ ಹೇವುಡ್ ಕೌಂಟಿ ಬೆಟ್ಟ, ಕಣಿವೆ, ತೊರೆಗಳ ಸೀಮೆ. 2004ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿಸ್ ಮತ್ತು ಐವನ್ ಚಂಡಮಾರುತಗಳು ಒಂದರ ಬೆನ್ನಿಗೊಂದು ಮಳೆ ಸುರಿಸಿದಾಗ ಇಲ್ಲಿನ ಪಿಜನ್ ನದಿ ಕ್ಯಾಂಟನ್ ಮತ್ತು ಕ್ಲೈಡ್ ಊರುಗಳಿಗೆ ನುಗ್ಗಿತು. 2021ರ ಆಗಸ್ಟ್ 17ರಂದು ಫ್ರೆಡ್ ಚಂಡಮಾರುತದ ಮಳೆಗೆ ಈ ಕೌಂಟಿಯಲ್ಲಿ ಆರು ಜನ ಪ್ರಾಣ ಕಳೆದುಕೊಂಡರು. 2024ರ ಸೆಪ್ಟೆಂಬರ್ 27ರಂದು ಹೆಲೀನ್ ಬಂದು ಅದೇ ಊರುಗಳನ್ನು ಮತ್ತೆ ಮುಳುಗಿಸಿತಲ್ಲದೆ, ಪಿಜನ್ ನದಿಯ ಕಮರಿಯಲ್ಲಿ ಸಾಗುವ ಹೆದ್ದಾರಿಯ ಒಂದು ಭಾಗವನ್ನೇ ಕೊಚ್ಚಿಕೊಂಡು ಹೋಯಿತು. ಹೆಲೀನ್‌ನಿಂದ ಹಾನಿಗೊಂಡ ಬೆಟ್ಟದ ಮನೆಗಳಲ್ಲಿ ಬಹುಪಾಲಿಗೆ ಪ್ರವಾಹ ವಿಮೆ ಇರಲಿಲ್ಲ. ಷಾರ್ಲಟ್, ರಾಲಿ ಕಡೆಯ ಕನ್ನಡಿಗರು ಈ ಬೆಟ್ಟಗಳಲ್ಲಿ ಮನೆಯನ್ನೋ ವಾರಾಂತ್ಯದ ಕ್ಯಾಬಿನ್ ಒಂದನ್ನೋ ಕೊಳ್ಳುವ ಮೊದಲು ಸರ್ಕಾರಿ ಪ್ರವಾಹ ವಿಮೆ ಏನು ಕೊಡುತ್ತದೆ, ಏನು ಕೊಡುವುದಿಲ್ಲ ಎಂಬುದನ್ನು ತಿಳಿದಿರಲಿ ಎಂಬ ಕಾಳಜಿಯಿಂದ ಈ ವಿಮರ್ಶೆ ಬರೆಯುತ್ತಿದ್ದೇನೆ.

ಊರಿನಿಂದ ಬಂದವರಿಗೆ ಮೊದಲು ಹೇಳಬೇಕಾದ ಸಂಗತಿಯೊಂದಿದೆ. ಭಾರತದಲ್ಲಿ 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಬೆಂಕಿಯ ಜೊತೆಗೆ ಪ್ರವಾಹ ಮತ್ತು ಭೂಕುಸಿತ ಎರಡೂ ಸೇರಿವೆ. ಅಮೆರಿಕದ ಸಾಮಾನ್ಯ ಗೃಹ ವಿಮೆಯಲ್ಲಿ ಇವೆರಡೂ ಇಲ್ಲ. ಪ್ರವಾಹಕ್ಕೆ ಪ್ರತ್ಯೇಕ ಪಾಲಿಸಿ ಬೇಕು, ಮತ್ತು ಅದನ್ನು ಒದಗಿಸುವ ಮುಖ್ಯ ವ್ಯವಸ್ಥೆಯೆಂದರೆ 1968ರಲ್ಲಿ ಆರಂಭವಾದ, ಇಂದು ಅಮೆರಿಕ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾ ನಡೆಸುತ್ತಿರುವ ರಾಷ್ಟ್ರೀಯ ಪ್ರವಾಹ ವಿಮಾ ಯೋಜನೆ. ಪಾಲಿಸಿಯನ್ನು ಹೆಚ್ಚಾಗಿ ಖಾಸಗಿ ಕಂಪನಿಗಳೇ ಮಾರುತ್ತವೆ. ದರವನ್ನು ಫೆಮಾ ಗೊತ್ತುಮಾಡುವುದರಿಂದ ಯಾವ ಏಜೆಂಟರ ಬಳಿ ಹೋದರೂ ಬೆಲೆ ಒಂದೇ. ಮನೆಯ ಕಟ್ಟಡಕ್ಕೆ ಗರಿಷ್ಠ 2,50,000 ಡಾಲರ್, ಒಳಗಿನ ಸಾಮಾನುಗಳಿಗೆ ಗರಿಷ್ಠ 1,00,000 ಡಾಲರ್ ರಕ್ಷಣೆ ಸಿಗುತ್ತದೆ. ಇವೆರಡನ್ನೂ ಬೇರೆ ಬೇರೆಯಾಗಿ ಕೇಳಿ ಪಡೆಯಬೇಕು, ಕ್ಲೇಮಿನ ವೇಳೆ ನಾವೇ ಭರಿಸಬೇಕಾದ ಮೊತ್ತವೂ ಎರಡಕ್ಕೂ ಬೇರೆ ಬೇರೆ.

ಯೋಜನೆಯಲ್ಲಿ ನನಗೆ ಅತ್ಯಂತ ಕಳವಳ ಹುಟ್ಟಿಸುವುದು ಅದರ ನಕ್ಷೆ, ಅಥವಾ ಜನ ಆ ನಕ್ಷೆಯನ್ನು ಓದುವ ರೀತಿ. ಫೆಮಾ ನಕ್ಷೆಯಲ್ಲಿ ಎ ಅಕ್ಷರದಿಂದ ಶುರುವಾಗುವ ವಲಯಗಳೆಂದರೆ ಯಾವುದೇ ಒಂದು ವರ್ಷದಲ್ಲಿ ಪ್ರವಾಹ ಬರುವ ಸಾಧ್ಯತೆ ಶೇ. 1 ಅಥವಾ ಹೆಚ್ಚು ಇರುವ ಜಾಗ. ಕೇಳಲು ಸಣ್ಣದೆನಿಸಿದರೂ, ಮೂವತ್ತು ವರ್ಷದ ಗೃಹಸಾಲದ ಅವಧಿಗೆ ಲೆಕ್ಕ ಹಾಕಿದರೆ ಅದು ಸುಮಾರು ಶೇ. 26 ಆಗುತ್ತದೆ. ಈ ವಲಯದಲ್ಲಿದ್ದರೆ ಬ್ಯಾಂಕು ವಿಮೆ ಕಡ್ಡಾಯ ಎನ್ನುತ್ತದೆ. ಅಪಾಯ ಅದಕ್ಕಿಂತ ಕಡಿಮೆ ಎಂದು ಗುರುತಿಸಿದ ಎಕ್ಸ್ ವಲಯದಲ್ಲಿದ್ದರೆ ಸುಮ್ಮನಿರುತ್ತದೆ, ಕೊಳ್ಳುವವರು ಆ ಮೌನವನ್ನೇ ಸುರಕ್ಷತೆ ಎಂದುಕೊಳ್ಳುತ್ತಾರೆ. ಆದರೆ ನಕ್ಷೆಯ ಗೆರೆ ಸಾಲದ ನಿಯಮಕ್ಕಾಗಿ ಎಳೆದದ್ದು, ನೀರು ಅಲ್ಲಿಗೇ ನಿಲ್ಲುತ್ತದೆ ಎಂಬ ಭರವಸೆ ಅದರಲ್ಲಿಲ್ಲ. ಸುಮಾರು ಒಂದು ಚದರ ಮೈಲಿಗಿಂತ ಕಡಿಮೆ ಜಲಾನಯನವಿರುವ ತೊರೆಗಳನ್ನು ಈ ನಕ್ಷೆಗಳು ಸಾಮಾನ್ಯವಾಗಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ; ಹೇವುಡ್‌ನಂಥ ಕಡೆ ಎಷ್ಟೋ ಮನೆಗಳು ನಿಂತಿರುವುದು ಅಂಥ ತೊರೆಗಳ ಮಗ್ಗುಲಲ್ಲೇ. ನದಿಗೆ ಸಂಬಂಧವಿಲ್ಲದೆ ಇಳಿಜಾರಿನಲ್ಲಿ ಒಮ್ಮೆಲೇ ಧಾವಿಸುವ ಮಳೆನೀರೂ ಅವುಗಳಲ್ಲಿ ಕಾಣುವುದಿಲ್ಲ.

ಆದ್ದರಿಂದ ಫೆಮಾ ನಕ್ಷೆಯೊಂದನ್ನೇ ನೋಡಿ ತೀರ್ಮಾನಿಸಬಾರದು. ಈ ವಿಷಯದಲ್ಲಿ ನಾರ್ತ್ ಕೆರೊಲೈನಾದವರು ಅದೃಷ್ಟವಂತರು. 1999ರ ಫ್ಲಾಯ್ಡ್ ಚಂಡಮಾರುತದ ನಂತರ ರಾಜ್ಯವೇ ತನ್ನ ಪ್ರವಾಹ ನಕ್ಷೆಗಳ ಕೆಲಸ ಕೈಗೆತ್ತಿಕೊಂಡಿತು. ಅದರ ಫ್ರಿಸ್ ಜಾಲತಾಣದಲ್ಲಿ ವಿಳಾಸ ಹಾಕಿದರೆ ಒಂದೊಂದು ಕಟ್ಟಡದ ಅಪಾಯವನ್ನೂ ನೋಡಬಹುದು, ಫೈಮನ್ ತಾಣದಲ್ಲಿ ನದಿಮಾಪಕಗಳ ಈ ಹೊತ್ತಿನ ಮಟ್ಟ ಸಿಗುತ್ತದೆ. ಎರಡೂ ಉಚಿತ, ಎರಡೂ ಬಳಸಲು ಸುಲಭ. ಜೊತೆಗೆ, 2024ರ ಜುಲೈನಿಂದ ಈ ರಾಜ್ಯದಲ್ಲಿ ಮನೆ ಮಾರುವವರು ತುಂಬುವ ಮಾಹಿತಿ ಪತ್ರದಲ್ಲಿ ಪ್ರವಾಹದ ಬಗ್ಗೆ ಪ್ರಶ್ನೆಗಳು ಸೇರಿವೆ. ಆ ಉತ್ತರಗಳನ್ನು ಸಹಿ ಹಾಕುವ ದಿನಕ್ಕೆ ಬಿಡದೆ ಮೊದಲೇ ಓದಿಕೊಳ್ಳಿ.

ಇನ್ನು ಪಾಲಿಸಿಯ ಒಳಗೇನಿದೆ ಎಂಬುದು. ಗೋಡೆ, ನೆಲ, ವಿದ್ಯುತ್ ವ್ಯವಸ್ಥೆ, ಬಿಸಿನೀರಿನ ಯಂತ್ರ ಮೊದಲಾದವಕ್ಕೆ ರಕ್ಷಣೆ ಚೆನ್ನಾಗಿದೆ, ಮಳೆನೀರು ಹರಿದು ಬಂದು ನುಗ್ಗಿದರೂ ಅದು ಪ್ರವಾಹವೆಂದೇ ಪರಿಗಣಿತವಾಗುತ್ತದೆ. ಆದರೆ ಸಾಮಾನ್ಯವಾಗಿ ಒಣಗಿರುವ ಕನಿಷ್ಠ ಎರಡು ಎಕರೆ ನೆಲ, ಅಥವಾ ನಿಮ್ಮದೂ ಸೇರಿ ಕನಿಷ್ಠ ಎರಡು ಆಸ್ತಿಗಳು ನೀರಿಗೆ ಸಿಕ್ಕಿರಬೇಕು ಎಂಬ ಷರತ್ತಿದೆ. ಒಂಟಿ ಮನೆಗಳಿರುವ ಗ್ರಾಮೀಣ ಕೌಂಟಿಯಲ್ಲಿ ಇದನ್ನು ಮರೆಯುವಂತಿಲ್ಲ. ನೆಲಮಾಳಿಗೆಯ ಸಾಮಾನು, ಅಲಂಕರಿಸಿದ ಗೋಡೆ, ನೆಲಹಾಸುಗಳಿಗೆ ಪರಿಹಾರವಿಲ್ಲ. ನಾಲ್ಕೂ ಕಡೆ ನೆಲಮಟ್ಟಕ್ಕಿಂತ ಕೆಳಗಿದ್ದರೆ ಮಾತ್ರ ಅದು ನೆಲಮಾಳಿಗೆ ಎನಿಸುತ್ತದೆ, ಹಾಗಾಗಿ ಇಳಿಜಾರಿನಲ್ಲಿ ಕಟ್ಟಿ ಒಂದು ಕಡೆ ಅಂಗಳಕ್ಕೆ ತೆರೆದುಕೊಳ್ಳುವ ಮನೆಯವರು ಏಜೆಂಟರಿಂದ ಇದನ್ನು ಸ್ಪಷ್ಟಪಡಿಸಿಕೊಳ್ಳಬೇಕು.

ಬೆಟ್ಟದವರಿಗೆ ನಿಜವಾದ ಪೆಟ್ಟು ಬೀಳುವುದು ಮನೆಯ ಹೊರಗೆ. ತೊರೆಯ ಆಚೆ ಮನೆ ಇರುವವರಿಗೆ ಸ್ವಂತ ಸೇತುವೆಯೇ ದಾರಿ. ಕುಡಿಯುವ ನೀರಿಗೆ ಸ್ವಂತ ಬಾವಿ, ಶೌಚಕ್ಕೆ ಸೆಪ್ಟಿಕ್ ಟ್ಯಾಂಕ್, ಅಂಗಳ ಕುಸಿಯದಂತೆ ತಡೆಗೋಡೆ. ಇವುಗಳಲ್ಲಿ ಒಂದಕ್ಕೂ ಈ ಪಾಲಿಸಿ ಹಣ ಕೊಡುವುದಿಲ್ಲ. ಕೊಚ್ಚಿಹೋದ ಜಮೀನಿಗೂ ಇಲ್ಲ, ಮನೆ ದುರಸ್ತಿಯಾಗುವವರೆಗೆ ಬೇರೆಡೆ ಉಳಿಯುವ ಖರ್ಚಿಗೂ ಇಲ್ಲ. ಇವೆಲ್ಲಕ್ಕಿಂತ ದೊಡ್ಡ ಕೊರತೆ ಭೂಕುಸಿತದ್ದು: ನೀರಿನೊಡನೆ ದ್ರವವಾಗಿ ಹರಿದು ಬರುವ ಕೆಸರಿಗೆ ರಕ್ಷಣೆಯಿದೆ, ಗುಡ್ಡ ಜರಿದು ಬಿದ್ದರೆ ಇಲ್ಲ. ಹೆಲೀನ್ ಮಳೆಗೆ ದಕ್ಷಿಣ ಅಪಲೇಚಿಯನ್ ಬೆಟ್ಟಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕುಸಿತಗಳಾದವು. ಎಲ್ಲವನ್ನೂ ಕಳೆದುಕೊಂಡ ಕುಟುಂಬ ತನ್ನ ಮನೆಗೆ ಬಂದದ್ದು ಕೆಸರೋ ಕುಸಿತವೋ ಎಂದು ವಾದಿಸಬೇಕಾಗಿ ಬರುವುದು ಅನ್ಯಾಯ ಎಂದೇ ನಾನು ಭಾವಿಸುತ್ತೇನೆ, ಮತ್ತು ಬೆಟ್ಟದ ಕೌಂಟಿಗಳಿಗಾದರೂ ಈ ನಿಯಮ ಬದಲಾಗಬೇಕು.

ವಾರಾಂತ್ಯದ ಮನೆ ಕೊಳ್ಳುವವರು ಇನ್ನೊಂದು ವ್ಯತ್ಯಾಸ ಗಮನಿಸಬೇಕು. ನೀವು ವಾಸಿಸುವ ಮುಖ್ಯ ಮನೆಗೆ ಸಾಕಷ್ಟು ಮೊತ್ತದ ವಿಮೆ ಇದ್ದರೆ ಕಟ್ಟಡವನ್ನು ಮರಳಿ ಕಟ್ಟುವ ವೆಚ್ಚ ಸಿಗುತ್ತದೆ. ಎರಡನೆಯ ಮನೆಗೆ ಹಳತಾದಷ್ಟೂ ಬೆಲೆ ಕಳೆದು ಉಳಿದದ್ದು ಮಾತ್ರ. ಪ್ರೀಮಿಯಂ ಜೊತೆ ಕಟ್ಟಬೇಕಾದ ವಾರ್ಷಿಕ ಹೆಚ್ಚುವರಿ ಶುಲ್ಕ ಮುಖ್ಯ ಮನೆಗೆ 25 ಡಾಲರ್ ಆದರೆ ಉಳಿದವಕ್ಕೆ 250. 2021ರ ಅಕ್ಟೋಬರಿನಿಂದ ಬಂದ ಹೊಸ ದರಪದ್ಧತಿಯಲ್ಲಿ ಪ್ರೀಮಿಯಂ ವಲಯವನ್ನಲ್ಲ, ನೀರಿನಿಂದ ಇರುವ ದೂರ, ನೆಲದ ಎತ್ತರ, ಮರಳಿ ಕಟ್ಟುವ ವೆಚ್ಚಗಳನ್ನು ಆಧರಿಸುತ್ತದೆ; ಇದು ನ್ಯಾಯವಾದ ಸುಧಾರಣೆ. ಮುಖ್ಯ ಮನೆಗಳಿಗೆ ವರ್ಷಕ್ಕೆ ಶೇ. 18ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಹೆಲೀನ್ ವೇಳೆ ಫೆಮಾದ ವಸತಿ ನೆರವಿನ ಗರಿಷ್ಠ ಮಿತಿ 42,500 ಡಾಲರ್ ಮಾತ್ರ ಆಗಿತ್ತು ಎಂಬುದನ್ನು ನೆನೆದರೆ, ಎಲ್ಲ ಕೊರತೆಗಳ ನಡುವೆಯೂ ತೊರೆಯ ಹತ್ತಿರ ಮನೆ ಮಾಡುವವರು ಈ ಪಾಲಿಸಿ ಕೊಳ್ಳಲೇಬೇಕು ಎಂಬುದು ನನ್ನ ತೀರ್ಮಾನ. ಬಾಡಿಗೆ ವಾಸದ ಖರ್ಚೂ ಬೇಕೆನ್ನುವವರು ಖಾಸಗಿ ಪ್ರವಾಹ ಪಾಲಿಸಿಗಳ ದರವನ್ನೂ ಕೇಳಿ ನೋಡಲಿ.

ಕೊಳ್ಳುವುದನ್ನು ಮಳೆಗಾಲಕ್ಕೆ ಮುಂದೂಡಬೇಡಿ. ಸಾಲದ ಜೊತೆಗೆ ತೆಗೆದುಕೊಂಡಾಗ ವಿಮೆ ಕೂಡಲೇ ಜಾರಿಯಾಗುತ್ತದೆ, ಉಳಿದಂತೆ ಸಾಮಾನ್ಯವಾಗಿ 30 ದಿನ ಕಾಯಬೇಕು. ಚಂಡಮಾರುತದ ಸುದ್ದಿ ಬಂದ ಮೇಲೆ ಓಡಿದರೆ ಪ್ರಯೋಜನವಿಲ್ಲ. ಸಂಸತ್ತು ಯೋಜನೆಯ ಅವಧಿಯನ್ನು ತುಂಡು ತುಂಡಾಗಿ ವಿಸ್ತರಿಸುತ್ತ ಬಂದಿರುವುದರಿಂದ 2025ರ ಅಕ್ಟೋಬರಿನಲ್ಲಿ ಹೊಸ ಪಾಲಿಸಿಗಳ ಮಾರಾಟವೇ ನಿಂತಿತ್ತು. ಮಾರುವವರ ಬಳಿ ಈಗಾಗಲೇ ಪಾಲಿಸಿ ಇದ್ದರೆ ಅದನ್ನು ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಬಹುದು, ಅವರಿಗಿರುವ ರಿಯಾಯಿತಿ ದರವೂ ಅದರೊಂದಿಗೆ ಬರುತ್ತದೆ. ಖರೀದಿಯ ಮಾತುಕತೆಯಲ್ಲೇ ಇದನ್ನು ಕೇಳಿ, ಒಪ್ಪಂದದಲ್ಲಿ ಬರೆಸಿಕೊಳ್ಳಿ.