ಹಳೆ ಬೀರು ಕೊಳ್ಳುವಾಗ ಮುಖವಲ್ಲ, ಬೆನ್ನು ನೋಡಿ

ಬನಶಂಕರಿಯ ಒಂದು ಫ್ಲ್ಯಾಟಿನಲ್ಲಿ ಮೇ ತಿಂಗಳ ಮೊದಲ ಮಳೆ ಬಿದ್ದ ವಾರ ಹಾಲಿನ ನೆಲದ ಮೇಲೆ ಹಿಟ್ಟಿನಂಥ ಪುಡಿ ಬೀಳತೊಡಗಿತು. ಬೆಳಿಗ್ಗೆ ಗುಡಿಸಿದರೆ ಸಂಜೆಗೆ ಮತ್ತೆ ಅಷ್ಟೇ. ಗೋಡೆಯ ಪುಟ್ಟಿ ಉದುರುತ್ತಿದೆ ಎಂದುಕೊಂಡು ಮನೆಯವರು ಮೂರು ವಾರ ಸುಮ್ಮನಿದ್ದರು. ಪುಡಿ ಬರುತ್ತಿದ್ದುದು ಎಂಟು ತಿಂಗಳ ಹಿಂದೆ ಗುಜರಿ ಅಂಗಡಿಯಿಂದ ತಂದ ಗಿಡ್ಡ ಬೀರುವಿನಿಂದ. ಅದಕ್ಕೆ ಕಡುನೀಲಿ ಬಣ್ಣ ಬಳಿಸಿ, ಹಿತ್ತಾಳೆ ಹಿಡಿ ಹಾಕಿಸಿ, ಮೇಲೆ ಟಿವಿ ಇಟ್ಟುಕೊಂಡಿದ್ದರು. ಹೊಸ ಬಣ್ಣವನ್ನೇ ತೂರಿಕೊಂಡು ಗುಂಡುಪಿನ್ನಿನ ತಲೆಯಷ್ಟು ಸಣ್ಣ ತೂತುಗಳು ಕಾಣಿಸಿದಾಗಲೇ ಅದು ಕುಟ್ಟೆ ಹುಳ ಎಂದು ಗೊತ್ತಾದದ್ದು.

ಬೀರುವಿಗೆ 18,000 ರೂಪಾಯಿ, ಬಡಗಿ ಮತ್ತು ಬಣ್ಣಕ್ಕೆ 11,000. ತೂತುಗಳಿಗೆ ಅಂಗಡಿಯ ಸ್ಪ್ರೇ ಹೊಡೆದು, ಪುಟ್ಟಿ ತುಂಬಿ, ಮೇಲೊಂದು ಕೋಟ್ ಬಣ್ಣ ಬಳಿದರು. ಮುಂದಿನ ವರ್ಷ ಅದೇ ಹೊತ್ತಿಗೆ ಪಕ್ಕದ ಪ್ಲೈವುಡ್ ವಾರ್ಡ್‌ರೋಬಿನ ಬೆನ್ನಿನಿಂದಲೂ ಪುಡಿ ಬಂತು. ಕಳೆದುಕೊಂಡದ್ದು ಬೀರುವಿಗಿಂತ ದೊಡ್ಡದು.

ಬಣ್ಣ ಬಳಿದ ಮರಕ್ಕೆ ಹುಳ ಬಂದದ್ದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಹುಳ ಬಣ್ಣದ ಮೇಲಿನಿಂದ ಬಂದದ್ದಲ್ಲ, ಬಣ್ಣ ಬೀಳುವ ಮೊದಲೇ ಒಳಗಿತ್ತು. ತಾಯಿಹುಳ ಮೊಟ್ಟೆ ಇಡುವುದು ಬಣ್ಣವಾಗಲಿ ಪಾಲಿಶ್ ಆಗಲಿ ಇಲ್ಲದ ಬರಿಮರದ ಸಣ್ಣ ರಂಧ್ರಗಳಲ್ಲಿ. ಮೊಟ್ಟೆಯೊಡೆದ ಮರಿ ಮರದ ಒಳಗೇ ಸುರಂಗ ಕೊರೆಯುತ್ತಾ, ಅದರಲ್ಲಿನ ಪಿಷ್ಟ ತಿನ್ನುತ್ತಾ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೇಲೆ ಕಳೆಯುತ್ತದೆ. ಆ ಕಾಲದಲ್ಲಿ ಹೊರಗೆ ಒಂದು ಗುರುತೂ ಇರುವುದಿಲ್ಲ. ರೆಕ್ಕೆ ಬಲಿತ ಮೇಲೆ ಒಂದರಿಂದ ಎರಡು ಮಿಲಿಮೀಟರಿನ ತೂತು ಕೊರೆದು ಹೊರಗೆ ಬರುತ್ತದೆ. ಎನಾಮೆಲ್ ಬಣ್ಣವಿರಲಿ, ಪಿಯು (ಪಾಲಿಯುರೆಥೇನ್), ಮೆಲಮೈನ್ ಪಾಲಿಶ್‌ಗಳಿರಲಿ, ಯಾವುದೂ ಅದಕ್ಕೆ ಅಡ್ಡಿಯಲ್ಲ. ಹೊರಬಂದ ಹುಳ ಮತ್ತೆ ಬರಿಮರ ಹುಡುಕುತ್ತದೆ. ಬೆಂಗಳೂರಿನ ಬಹುತೇಕ ವಾರ್ಡ್‌ರೋಬುಗಳ ಬೆನ್ನಿಗೆ, ಡ್ರಾಯರಿನ ತಳಕ್ಕೆ, ಮಂಚದ ಅಡಿಪಟ್ಟಿಗೆ ಯಾರೂ ಏನೂ ಬಳಿದಿರುವುದಿಲ್ಲ. ಆ ಫ್ಲ್ಯಾಟಿನಲ್ಲಿ ಆದದ್ದೂ ಅದೇ. ಸ್ಪ್ರೇ ತೂತಿನ ಬಾಯಿಯಲ್ಲಿ ಉಳಿಯಿತು, ಮರಿಗಳು ಆಳದಲ್ಲಿದ್ದವು.

ಅಂಗಡಿಯವರು ಹೇಳಿದ್ದು: “ಅಮ್ಮಾ, ಬರ್ಮಾ ತೇಗ ಇದು, ನೂರು ವರ್ಷದ್ದು, ಕಣ್ಮುಚ್ಕೊಂಡು ತಗೊಂಡೋಗಿ.” ಬಾಗಿಲು ಮತ್ತು ಚೌಕಟ್ಟು ತೇಗವೇ ಆಗಿತ್ತು. ಬೆನ್ನಿನ ಹಲಗೆ, ಒಳಗಿನ ಅಡ್ಡಹಲಗೆ, ಡ್ರಾಯರಿನ ಪಕ್ಕಗಳು ಮಾತ್ರ ಈಚೆಗೆ ಸೇರಿಸಿದ ಅಗ್ಗದ ಕಾಡುಮರ. ಎಲ್ಲದಕ್ಕೂ ಒಂದೇ ವಾಲ್ನಟ್ ಬಣ್ಣದ ಸ್ಟೇನ್ ಬಳಿದಿದ್ದರು. ತೇಗದ ಚೇಗನ್ನು, ಅಂದರೆ ಕಾಂಡದ ನಡುವಿನ ಗಟ್ಟಿ ಮರವನ್ನು, ಕುಟ್ಟೆ ಹುಳ ಮುಟ್ಟುವುದಿಲ್ಲ, ಅಲ್ಲಿ ಅದಕ್ಕೆ ತಿನ್ನಲು ಪಿಷ್ಟವಿಲ್ಲ. ಆದರೆ ಚೇಗಿನ ಸುತ್ತಲಿನ ಬಿಳಿಮರವನ್ನು ತಿನ್ನುತ್ತದೆ, ಅದು ತೇಗದ್ದೇ ಆದರೂ ಸರಿ. ಮಾವು, ರಬ್ಬರ್ ಮರಗಳಂತೂ ಅದಕ್ಕೆ ಹಬ್ಬ. ಮರ ಹಳೆಯದಾದಷ್ಟೂ ಪಿಷ್ಟ ಕಡಿಮೆಯಾಗುತ್ತಾ ಹೋಗುತ್ತದೆ. ಹಾಗಾಗಿ ನೂರು ವರ್ಷದ್ದು ಎಂದು ಕೊಟ್ಟ ವಸ್ತುವಿನಿಂದ ಟಾಲ್ಕಂ ಪೌಡರಿನಷ್ಟು ನಯವಾದ ಪುಡಿ ಉದುರುತ್ತಿದ್ದರೆ, ಆ ಹಲಗೆಯ ವಯಸ್ಸನ್ನು ಮೊದಲು ಅನುಮಾನಿಸಿ.

ಕೊಳ್ಳುವ ಜಾಗದಲ್ಲೇ ಅರ್ಧ ಗಂಟೆ ಕೊಟ್ಟರೆ ಇಷ್ಟೆಲ್ಲ ತಪ್ಪುತ್ತದೆ. ಶಿವಾಜಿನಗರದ ಅಂಗಡಿಯಿರಲಿ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಿರಲಿ, ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯಲ್ಲಿ ಮನೆ ಒಡೆಯುವಾಗ ನೇರವಾಗಿ ಕೊಂಡದ್ದಿರಲಿ, ಕೈಯಲ್ಲಿ ಟಾರ್ಚು, ದಬ್ಬಳ, ಸಣ್ಣ ಮ್ಯಾಗ್ನೆಟ್ಟು, ಒಂದಿಷ್ಟು ಹತ್ತಿ, ಚಿಕ್ಕ ಬಾಟಲಿಯಲ್ಲಿ ಪಾಲಿಶ್ ಸ್ಪಿರಿಟ್ ಇರಲಿ. ವಸ್ತುವನ್ನು ಗೋಡೆಯಿಂದ ಎಳೆಸಿ, ಮಗುಚಿಸಿ. ಎಳೆಯಲು ಒಪ್ಪದಿದ್ದರೆ ಅಲ್ಲಿಗೇ ಬಿಡಿ. ಕಾಲಿನ ಅಡಿ, ಬೆನ್ನಿನ ಹಲಗೆಯ ಅಂಚು, ಡ್ರಾಯರಿನ ತಳ ಈ ಮೂರು ಕಡೆ ಟಾರ್ಚನ್ನು ಓರೆಯಾಗಿ ಹಿಡಿದರೆ ತೂತುಗಳು ನೆರಳಿನಲ್ಲಿ ಎದ್ದು ಕಾಣುತ್ತವೆ. ತೂತಿನ ಒಳಬಣ್ಣ ಹೊಸ ಮರದಂತೆ ತಿಳಿಯಾಗಿದ್ದು ಅಂಚು ಚೂಪಾಗಿದ್ದರೆ ಹುಳ ಈಗಲೂ ಇದೆ ಎಂದೇ ಎಣಿಸಿ. ಒಳಗೆ ಕಪ್ಪಾಗಿ ಧೂಳು ಕೂತಿದ್ದರೆ ಹಳೆಯದು. ದಬ್ಬಳದಿಂದ ಒತ್ತಿದಾಗ ಮೊನೆ ಬಿಸ್ಕತ್ತಿಗೆ ಇಳಿದಂತೆ ಇಳಿದರೆ ಆ ಭಾಗ ಟೊಳ್ಳು.

ಪುಡಿಯನ್ನು ಬೆರಳಿನ ನಡುವೆ ಉಜ್ಜಿ ನೋಡಿ. ಮೈದಾದಂತಿದ್ದರೆ ಕುಟ್ಟೆ. ರವೆಯಂತೆ, ಗಸಗಸೆಯಂತೆ ಕಾಳುಕಾಳಾಗಿ ಹತ್ತಿದರೆ ಒಣಮರದ ಗೆದ್ದಲು. ಅದು ನೆಲದ ಸಂಪರ್ಕವಿಲ್ಲದೆ ಮರದ ಒಳಗೇ ಸಂಸಾರ ಮಾಡುವ ಜಾತಿ, ಹಳೆ ಮರವನ್ನೂ ಬಿಡುವುದಿಲ್ಲ. ಅದಿದ್ದ ವಸ್ತುವನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ತರಬೇಡಿ. ಮಣ್ಣಿನ ಕೊಳವೆ ಕಂಡರೆ ನೆಲದ ಗೆದ್ದಲು. ಅದು ನೆಲದ ಸಂಪರ್ಕ ತಪ್ಪಿದ ಮೇಲೆ ಹೆಚ್ಚು ದಿನ ಬದುಕುವುದಿಲ್ಲ, ಆದರೆ ತಿಂದಷ್ಟು ಮರ ಹೋಗಿರುತ್ತದೆ.

ಬೆನ್ನಿನ ಹಲಗೆಗೆ ಸ್ಟೇಪಲ್ ಪಿನ್ನು, ಪ್ಲಸ್ ತಲೆಯ ಹೊಳೆಯುವ ಸ್ಕ್ರೂ ಹೊಡೆದಿದ್ದರೆ ಆ ಭಾಗ ಈಚಿನದು. ಹಳೆ ಜಂತೆ, ತೊಲೆ ಕೊಯ್ದು ಹೊಸದಾಗಿ ಮಾಡಿದ ಬೀರುಗಳೂ ಮಾರಾಟಕ್ಕಿರುತ್ತವೆ. ಮೊಳೆ ಕಿತ್ತ ತೂತಿನ ಸುತ್ತ ಕಬ್ಬಿಣದ ಕಪ್ಪು ಕಲೆ ಇರುವುದರಿಂದ ಗುರುತು ಸಿಗುತ್ತದೆ. ಅವನ್ನು ಮೋಸ ಎನ್ನಲಾಗದು. ಬೆಲೆ ಸರಿಯಿದ್ದರೆ ಅವು ಪುರಾತನ ಎಂದು ಮಾರುವ ಅರೆಬರೆ ಬೀರುಗಿಂತ ಎಷ್ಟೋ ವಾಸಿ.

ತಂದ ವಸ್ತು ನೇರವಾಗಿ ಹಾಲಿಗೆ ಹೋಗಬಾರದು. ಬಾಲ್ಕನಿಯಲ್ಲೋ ತಾರಸಿಯ ಶೆಡ್ಡಿನಲ್ಲೋ ಮಳೆ ತಾಕದ ಕಡೆ ಇಟ್ಟು, ಅಡಿಗೆ ಕಪ್ಪು ಚಾರ್ಟ್ ಪೇಪರ್ ಹಾಸಿ, ಇದ್ದ ತೂತುಗಳ ಮೇಲೆ ಸೆಲ್ಲೋಟೇಪ್ ಅಂಟಿಸಿ ಹದಿನೈದು ದಿನ ನೋಡಿ. ಪುಡಿ ಬಿದ್ದರೆ ಉತ್ತರ ಸಿಕ್ಕಿತು. ಬೀಳದಿದ್ದರೆ ಸಿಗಲಿಲ್ಲ, ಯಾಕೆಂದರೆ ಮರಿ ಹಂತದಲ್ಲಿ ಏನೂ ಉದುರದೇ ಇರಬಹುದು. ಆದ್ದರಿಂದ ಬಿಳಿಮರ ಇರುವ ಯಾವ ವಸ್ತುವಿಗೂ ಔಷಧಿ ಹಾಕಿಯೇ ಮುಂದುವರಿಯುವುದು ಒಳ್ಳೆಯದು. ಬಿಸಿಲಿಗಿಟ್ಟರೆ ಸಾಕು ಎನ್ನುವವರಿದ್ದಾರೆ. ಹುಳ ಸಾಯಲು ಹಲಗೆಯ ನಡುಭಾಗವೇ 55 ಡಿಗ್ರಿ ದಾಟಿ ಗಂಟೆಗಟ್ಟಲೆ ಹಾಗೇ ಇರಬೇಕು. ಬೆಂಗಳೂರಿನ ಬಿಸಿಲು ದಪ್ಪ ಮರಕ್ಕೆ ಅಷ್ಟು ಮಾಡುವುದಿಲ್ಲ. ಮರ ಸೀಳುತ್ತದೆ ಅಷ್ಟೆ.

ಬಲವಾಗಿ ನೆಲೆಯೂರದ ಹುಳಕ್ಕೆ ಮನೆಯಲ್ಲೇ ಮಾಡಬಹುದಾದದ್ದು ಬೋರಾನ್ ದ್ರಾವಣ. ಗ್ರಂಧಿಗೆ ಅಂಗಡಿಯಲ್ಲಿ ಬಿಳಿಗಾರ (ಬೋರಾಕ್ಸ್) ಸಿಗುತ್ತದೆ, ಬೋರಿಕ್ ಆಸಿಡ್ ಪುಡಿ ಕೆಮಿಕಲ್ ಅಂಗಡಿಯಲ್ಲಿ. 900 ಮಿಲಿ ಬಿಸಿನೀರಿಗೆ 60 ಗ್ರಾಂ ಬಿಳಿಗಾರ, 40 ಗ್ರಾಂ ಬೋರಿಕ್ ಆಸಿಡ್ ಹಾಕಿ ಪೂರ್ತಿ ಕರಗುವವರೆಗೆ ಕದಡಿ. ಪಾಲಿಶ್ ಇರುವ ಕಡೆ ಇದು ಒಳಗಿಳಿಯುವುದಿಲ್ಲ, ಹೆಚ್ಚಿನವರ ಶ್ರಮ ವ್ಯರ್ಥವಾಗುವುದು ಇಲ್ಲೇ. ಬೆನ್ನು, ಅಡಿ, ಡ್ರಾಯರಿನ ಒಳಭಾಗಗಳನ್ನು ಬರಿಮರದವರೆಗೆ ಉಜ್ಜಿದ ಮೇಲೆ, ಬೆಚ್ಚಗಿರುವಾಗಲೇ ಬ್ರಷ್ಷಿನಿಂದ ಮರ ಕುಡಿಯುವಷ್ಟು ಬಳಿಯಿರಿ. ಒಣಗುವ ಮುನ್ನ ಎರಡನೆಯದು, ಮರುದಿನ ಮೂರನೆಯದು. ತೂತುಗಳಿಗೆ ಸಿರಿಂಜಿನಿಂದ ತುಂಬಿ. ಒಂದು ವಾರ ನೆರಳಲ್ಲಿ ಒಣಗಿಸಿ, ಮೇಲೆ ಕೂತ ಬಿಳಿ ಹರಳನ್ನು ಒದ್ದೆ ಬಟ್ಟೆಯಿಂದ ಒರೆಸಿ. ನೀರಿನಲ್ಲಿ ಕರಗುವ ವಸ್ತುವಾದ್ದರಿಂದ ಮೇಲೆ ಪಾಲಿಶ್ಶೋ ಬಣ್ಣವೋ ಬೀಳಲೇಬೇಕು, ಬೆನ್ನಿಗೂ ಕೂಡ. ಕೈಗವಸು ಹಾಕಿಕೊಳ್ಳಿ, ಮಿಕ್ಕ ದ್ರಾವಣ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಹೊಟ್ಟೆಗೆ ಹೋದರೆ ವಿಷ. ಆಮೇಲೆ ಹಳೆ ತೂತುಗಳನ್ನು ಮೇಣದಿಂದ ಮುಚ್ಚಿ. ಮುಚ್ಚುವುದು ಚಂದಕ್ಕಲ್ಲ, ಹೊಸ ತೂತು ಬಿದ್ದರೆ ಗೊತ್ತಾಗಲಿ ಎಂದು. ಹಲಗೆ ಟೊಳ್ಳಾಗಿದ್ದರೆ ಮಾತ್ರ ಯಾವ ದ್ರಾವಣವೂ ಬೇಡ, ಅದನ್ನು ಕಿತ್ತು ಬದಲಿಸಿ.

ಇನ್ನು ಬಣ್ಣದ ಆಸೆ. ಬೀಟೆ, ತೇಗದ ಮೇಲೆ ಸೀಮೆಸುಣ್ಣದಂತೆ ಮಂಕಾಗಿ ಕಾಣುವ ಬಣ್ಣ (ಚಾಕ್ ಪೇಂಟ್) ಬಳಿಸುವ ಗೀಳು ಈಗ ಬಹಳ. ದಯವಿಟ್ಟು ಅದಕ್ಕೂ ಮುಂಚೆ ಸ್ಪಿರಿಟ್ ಹತ್ತಿಯಿಂದ ಒಂದು ಮೂಲೆ ಒರೆಸಿ. ಹತ್ತಿ ಅಂಟಾಗಿ ಕಂದುಬಣ್ಣ ಬಿಟ್ಟರೆ ಅದು ಅರಗಿನ ಹಳೆ ಪಾಲಿಶ್. ಟರ್ಪೆಂಟೈನಿನಿಂದ ಮೇಣ, ಜಿಡ್ಡು ತೆಗೆದು ಹೊಸ ಅರಗಿನ ಕೋಟ್ ಎರಡು ಎಳೆದರೆ ಮರ ಮತ್ತೆ ಮಿನುಗುತ್ತದೆ. ಮೇಣ ಹೋಗದ ಅರಗಿನ ಮೇಲೆ ಪಿಯು, ಮೆಲಮೈನ್ ಹೊಡೆದರೆ ಹಿಡಿಯುವುದಿಲ್ಲ, ಕೆಲವೇ ತಿಂಗಳಲ್ಲಿ ಹಾಳೆಯಾಗಿ ಏಳುತ್ತದೆ. ಬೇಗ ಮುಗಿಯಲಿ ಎಂದು ಕಾಸ್ಟಿಕ್ ಸೋಡಾ ಸುರಿಯುವವರನ್ನು ತಡೆಯಿರಿ: ತೇಗ ಕಪ್ಪಾಗುತ್ತದೆ, ಕೂಡುಗಳ ಅಂಟು ಬಿಡುತ್ತದೆ, ಉಳಿದ ಕ್ಷಾರ ಮೇಲಿನ ಬಣ್ಣವನ್ನು ತಿನ್ನುತ್ತದೆ.

ಅದೇ ಫ್ಲ್ಯಾಟಿನಲ್ಲಿ ಇನ್ನೊಂದು ಕೆಲಸ ನಡೆದಿತ್ತು, ಹುಳಕ್ಕಿಂತ ಹೆದರಿಸುವಂಥದ್ದು. ಹಸಿರು, ಹಳದಿ ಬಣ್ಣದ ಹಳೆ ತೊಟ್ಟಿಲನ್ನು ಮಗುವಿನ ಪುಸ್ತಕದ ಗೂಡು ಮಾಡಲು ಬಡಗಿ ಬಾಲ್ಕನಿಯಲ್ಲಿ ಕರೆಂಟಿನ ಸ್ಯಾಂಡರ್ ಹಿಡಿದು ಒಣಗಿದ್ದಂತೆಯೇ ಉಜ್ಜಿದರು. ಧೂಳು ಒಣಹಾಕಿದ ಬಟ್ಟೆಯ ಮೇಲೆ, ಚಾಪೆಯ ಮೇಲೆ, ಮಗು ಆಡುವ ನೆಲದ ಮೇಲೆ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ಕೇಂದ್ರದ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಎನಾಮೆಲ್ ಬಣ್ಣಗಳಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರಿನಲ್ಲಿ ಸೀಸ ಇದ್ದೇ ಇದೆ ಎಂದುಕೊಂಡು ನಡೆದುಕೊಳ್ಳುವುದು ಕ್ಷೇಮ. ಮಕ್ಕಳ ದೇಹಕ್ಕೆ ಇಷ್ಟು ಸೀಸ ಸರಿ ಎನ್ನುವ ಮಿತಿಯೇ ಇಲ್ಲ. ಅದು ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ, ಆದ ಪೆಟ್ಟನ್ನು ಔಷಧಿ ಸರಿಮಾಡುವುದಿಲ್ಲ.

ಹಳೆ ಬಣ್ಣ ಗಟ್ಟಿಯಾಗಿ ಕೂತಿದ್ದರೆ ಕೆರೆಯಬೇಡಿ; ಒರೆಸಿ, ಪ್ರೈಮರ್ ಬಳಿದು, ಮೇಲೆ ಎರಡು ಕೋಟ್ ಹಾಕಿ, ದೊಡ್ಡವರ ಕೋಣೆಯಲ್ಲಿಡಿ. ಮಕ್ಕಳು ಕಚ್ಚುವ, ನೆಕ್ಕುವ ವಸ್ತುವಿಗೆ ಇದೂ ಸಾಲದು. ಕೆರೆಯಲೇಬೇಕೆಂದರೆ ಮಕ್ಕಳು, ಬಸುರಿಯರು ಇಲ್ಲದ ಕಡೆ, ಅಡಿಗೆ ಪ್ಲಾಸ್ಟಿಕ್ ಹಾಳೆ ಹಾಸಿ, ನೀರು ಚಿಮುಕಿಸುತ್ತಾ ವಾಟರ್ ಪೇಪರಿನಿಂದ ಕೈಯಲ್ಲೇ ಉಜ್ಜಿಸಿ. ಕೆಲಸದವರಿಗೆ ಬಟ್ಟೆಯ ಮಾಸ್ಕ್ ಸಾಲದು, ಎನ್95 ಆದರೂ ಕೊಡಿ. ಕೊನೆಗೆ ಪೊರಕೆ ಮುಟ್ಟದೆ ಒದ್ದೆ ಬಟ್ಟೆಯಿಂದಲೇ ನೆಲ ಒರೆಸಿ. ಹೀಟ್ ಗನ್ನಿನಿಂದ ಸುಟ್ಟು ತೆಗೆಯುವುದಂತೂ ಬೇಡ, ಸೀಸದ ಹೊಗೆ ಧೂಳಿಗಿಂತ ಕೆಟ್ಟದ್ದು. ಈಗಾಗಲೇ ಮನೆಯಲ್ಲಿ ಧೂಳೆದ್ದಿದ್ದರೆ ಮಕ್ಕಳ ವೈದ್ಯರಿಗೆ ಇದನ್ನೇ ಹೇಳಿ, ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿ. ನೀವಾಗಿ ಹೇಳದಿದ್ದರೆ ಅವರಿಗೆ ಹೊಳೆಯುವ ಸಂಗತಿಯಲ್ಲ ಇದು.

ಹಿತ್ತಾಳೆ ದೀಪಗಳ ವಿಷಯ ಚಿಕ್ಕದು. ಮ್ಯಾಗ್ನೆಟ್ ಅಂಟಿಕೊಂಡರೆ ಕಬ್ಬಿಣಕ್ಕೆ ಲೇಪ ಕೊಟ್ಟದ್ದು. ಹಳೆ ಬಟ್ಟೆ ಸುತ್ತಿದ ವೈರನ್ನು ಎಷ್ಟೇ ಚಂದವಿದ್ದರೂ ಕಿತ್ತುಹಾಕಿ, ಒಳಗಿನ ರಬ್ಬರ್ ಪುಡಿಯಾಗಿರುತ್ತದೆ. 0.75 ಚದರ ಮಿಲಿಮೀಟರಿನ ಮೂರೆಳೆ ವೈರ್ ಹಾಕಿಸಿ, ಹಸಿರು (ಅರ್ತಿಂಗ್) ಎಳೆಯನ್ನು ಲೋಹದ ಮೈಗೆ ಸ್ಕ್ರೂ ಮಾಡಿಸಿ, ಮೂರು ಪಿನ್ನಿನ ಪ್ಲಗ್ ಕೊಡಿಸಿ. ಮನೆಯಲ್ಲಿ ಕರೆಂಟು ಸೋರಿದರೆ ತಾನೇ ಕಡಿತ ಮಾಡುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು ಇದೆಯೇ ಎಂದು ಅದೇ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ.

ಹಳೆ ಬಾಗಿಲನ್ನು ಮಂಚದ ತಲೆಗೋಡೆಗೆ ತೂಗುಹಾಕುವ ಮುನ್ನ ತೂಕ ಲೆಕ್ಕಹಾಕಿ. ಏಳಡಿ, ಮೂರಡಿ, ಒಂದೂವರೆ ಇಂಚು ದಪ್ಪದ ಗಟ್ಟಿ ತೇಗದ ಬಾಗಿಲು 45ರಿಂದ 50 ಕಿಲೋ. ಹೊಸ ಅಪಾರ್ಟ್‌ಮೆಂಟುಗಳ ಹಗುರ ಎಎಸಿ ಬ್ಲಾಕಿನ (ಒಳಗೆ ಗಾಳಿಗುಳ್ಳೆಗಳಿರುವ ಕಾಂಕ್ರೀಟ್ ಇಟ್ಟಿಗೆ) ಗೋಡೆಯಲ್ಲಿ ಮಾಮೂಲಿ ಪ್ಲಾಸ್ಟಿಕ್ ಪ್ಲಗ್ ಅಷ್ಟು ತೂಕಕ್ಕೆ ನಿಲ್ಲದು, ಕೆಳಗೆ ಮಲಗಿದವರ ತಲೆಯ ಮೇಲೆ ಬರುತ್ತದೆ. ಬಾಗಿಲಿನ ಭಾರ ನೆಲದ ಮೇಲೇ ಕೂರಲಿ. ಗೋಡೆಗೆ ಎಎಸಿಗೆಂದೇ ಮಾಡಿದ ಆಂಕರ್ ಹಾಕಿ ಮುಂದಕ್ಕೆ ಬೀಳದಂತೆ ಹಿಡಿಸಿದರೆ ಸಾಕು.

ಬನಶಂಕರಿಯ ಆ ಬೀರುವನ್ನು ಎಸೆಯಲಿಲ್ಲ. ಕಾಡುಮರದ ಬೆನ್ನು, ಅಡ್ಡಹಲಗೆ, ಡ್ರಾಯರಿನ ಪಕ್ಕಗಳನ್ನು ಕಿತ್ತು ಚೀಲಕ್ಕೆ ತುಂಬಿ ಅದೇ ದಿನ ಮನೆಯಿಂದ ಸಾಗಿಸಿದರು. ಚೌಕಟ್ಟಿನ ಬಿಳಿಮರದ ಅಂಚನ್ನು ಬಡಗಿ ಉಳಿಯಿಂದ ಕೆತ್ತಿ ತೆಗೆದರು. ಬರಿ ಚೇಗು ಉಳಿದ ಬೀರುವಿಗೆ ಬೋರಾನ್ ಮೂರು ಕೋಟ್, ಹಿಂದೆ ಮುಂದೆ ಅರಗಿನ ಪಾಲಿಶ್. ವಾರ್ಡ್‌ರೋಬಿನ ಬೆನ್ನನ್ನೂ ಬದಲಿಸಿ, ಹೊಸ ಪ್ಲೈವುಡ್ಡಿನ ಎರಡೂ ಮೈಗೆ ಪ್ರೈಮರ್ ಬಳಿಸಿದರು. ಬೀರು ಈಗ ಬಾಲ್ಕನಿಯಲ್ಲಿದೆ, ಕಾಲಡಿಗೆ ಕಪ್ಪು ಕಾಗದ. ಎರಡು ಮುಂಗಾರು ಪುಡಿಯಿಲ್ಲದೆ ಕಳೆದ ಮೇಲೆ ಒಳಗೆ ಬರಲಿದೆ.