ಪಾಲಿನ ಸೋಲಾರ್, ಸೂರಿನ ಸೋಲಾರ್: ಎರಡನ್ನೂ ಬಳಸಿ ನೋಡಿದ ಮೇಲೆ

ನಾನು ಎರಡೂ ಬಗೆಯ ಸೋಲಾರ್‌ಗೆ ದುಡ್ಡು ಹಾಕಿದ್ದೇನೆ. ಅಮೆರಿಕದ ಮಿನೆಸೋಟಾ ರಾಜ್ಯದ ಸೇಂಟ್ ಪಾಲ್‌ನಲ್ಲಿ ಬಾಡಿಗೆಗೆ ಇದ್ದಾಗ, 2019ರಿಂದ ಮೂರು ವರ್ಷ, ಊರಾಚೆಯ ಒಂದು ಸೋಲಾರ್ ಗಾರ್ಡನ್‌ನಲ್ಲಿ ಪಾಲು ತಗೊಂಡಿದ್ದೆವು. ಆಮೇಲೆ ಸ್ವಂತ ಮನೆ ಆಯಿತು. 2023ರ ಬೇಸಿಗೆಯಿಂದ ನಮ್ಮದೇ ಸೂರಿನ ಮೇಲೆ 15 ಪ್ಯಾನೆಲ್ ಕೂತಿವೆ. ಯಾವುದು ಒಳ್ಳೆಯದು ಅಂತ ಇಲ್ಲಿನ ಗೆಳೆಯರು ಕೇಳುತ್ತಲೇ ಇರುತ್ತಾರೆ. ಅದಕ್ಕೇ ಲೆಕ್ಕದ ಸಮೇತ ಬರೆಯುತ್ತಿದ್ದೇನೆ.

ಪಾಲಿನ ಸೋಲಾರ್ ಅಂದರೆ ಏನು ಅಂತ ಅಮ್ಮನಿಗೆ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿತ್ತು. ಪ್ಯಾನೆಲ್ ಇರುವುದು ಎಲ್ಲೋ ಹೊಲದಲ್ಲಿ. ಅಲ್ಲಿಂದ ನಮ್ಮ ಮನೆಗೆ ತಂತಿ ಇಲ್ಲ. ಅಲ್ಲಿ ಹುಟ್ಟಿದ ಕರೆಂಟ್ ಗ್ರಿಡ್‌ಗೆ ಹೋಗುತ್ತದೆ. ಅದರಲ್ಲಿ ನಮ್ಮ ಪಾಲಿಗೆ ಎಷ್ಟು ಯೂನಿಟ್ ಬಂತೋ ಅಷ್ಟರ ಹಣವನ್ನು ನಮ್ಮ ಕರೆಂಟ್ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತಾರೆ. ಅದೇ ಯೂನಿಟ್‌ಗಳಿಗೆ ಗಾರ್ಡನ್ ನಡೆಸುವವರಿಗೆ ನಾವು ಸ್ವಲ್ಪ ಕಡಿಮೆ ದರದಲ್ಲಿ ದುಡ್ಡು ಕೊಡಬೇಕು. "ಹಂಗಾದ್ರೆ ಹೊಲ ಪಾಲಿಗೆ ಮಾಡಿದಂಗೆ ಆಯ್ತಲ್ಲಪ್ಪ" ಅಂದರು ಅಮ್ಮ. ಇದಕ್ಕಿಂತ ಚೆನ್ನಾಗಿ ಹೇಳಲು ನನಗೂ ಬರುವುದಿಲ್ಲ.

ಮಿನೆಸೋಟಾದಲ್ಲಿ ಇದಕ್ಕೆ 2013ರಲ್ಲೇ ಕಾನೂನು ಬಂತು. ನಾವು ಸೇರಿದಾಗಿನ ನಿಯಮದಂತೆ ಒಂದು ಗಾರ್ಡನ್‌ಗೆ ಕನಿಷ್ಠ 5 ಜನ ಪಾಲುದಾರರು ಇರಬೇಕು, ಯಾರೊಬ್ಬರೂ ಶೇ 40ಕ್ಕಿಂತ ಜಾಸ್ತಿ ಹಿಡಿದಿಟ್ಟುಕೊಳ್ಳುವಂತಿಲ್ಲ. ನಿಮ್ಮ ವರ್ಷದ ಬಳಕೆಯ ಶೇ 120ರವರೆಗೆ ಮಾತ್ರ ಪಾಲು ಕೊಳ್ಳಬಹುದು. ಈ ಮಿತಿಗಳು ನನಗೆ ತುಂಬಾ ಹಿಡಿಸಿದವು. ದೊಡ್ಡ ಅಂಗಡಿಯವರೇ ಎಲ್ಲವನ್ನೂ ಬಾಚಿಕೊಂಡರೆ ಬಾಡಿಗೆಯವರಿಗೆ ಏನು ಉಳಿಯುತ್ತದೆ?

ಕೈಗೆ ಸಿಕ್ಕಿದ್ದೆಷ್ಟು? ನಮ್ಮ ಪಾಲಿಗೆ ವರ್ಷಕ್ಕೆ ಸುಮಾರು 5,500 ಯೂನಿಟ್ ಬರುತ್ತಿತ್ತು. ಯೂನಿಟ್‌ಗೆ ನಾವು ಕೊಡುತ್ತಿದ್ದದ್ದು 12 ಸೆಂಟ್, ಬಿಲ್ಲಿನಲ್ಲಿ ಮುರಿಯುತ್ತಿದ್ದದ್ದು ಹದಿಮೂರೂವರೆ ಸೆಂಟ್. ವರ್ಷಕ್ಕೆ ಉಳಿದದ್ದು 80 ಡಾಲರ್ ಆಸುಪಾಸು. ಕಡಿಮೆ ಅನ್ನಿಸುತ್ತದೆ, ಅಲ್ವಾ? ಆದರೆ ಮೊದಲಿಗೆ ಒಂದು ಡಾಲರ್ ಕೂಡ ಹಾಕಿರಲಿಲ್ಲ. ಏಣಿ ಹತ್ತಲಿಲ್ಲ, ಮನೆ ಮಾಲೀಕರನ್ನು ಕೇಳಬೇಕಾಗಲಿಲ್ಲ.

ತೊಂದರೆಯೂ ಆಯಿತು. ತಿಂಗಳಿಗೆ ಎರಡು ಬಿಲ್ ಬರುತ್ತವೆ, ಒಂದು ಗಾರ್ಡನ್‌ನದು, ಒಂದು ಕರೆಂಟಿನದು. ಗಾರ್ಡನ್‌ನವರು ನಮ್ಮ ಖಾತೆ ಸಂಖ್ಯೆಯ ಒಂದು ಅಂಕಿ ತಪ್ಪು ಬರೆದುಕೊಂಡಿದ್ದರು. ಎರಡು ತಿಂಗಳು ಅವರಿಗೆ ದುಡ್ಡು ಕಟ್ಟಿದೆವು, ಇತ್ತ ಬಿಲ್ಲಿನಲ್ಲಿ ಒಂದು ಸೆಂಟೂ ಮುರಿಯಲಿಲ್ಲ. ಆರು ಸಲ ಫೋನ್ ಮಾಡಿದ ಮೇಲೆ ಸರಿಹೋಯಿತು. ಪಾಲು ತಗೊಳ್ಳುವವರು ಮೊದಲ ಮೂರು ತಿಂಗಳು ಎರಡೂ ಬಿಲ್ಲನ್ನು ಪಕ್ಕಪಕ್ಕ ಇಟ್ಟು ನೋಡಲೇಬೇಕು. ಕರಾರನ್ನೂ ಪೂರ್ತಿ ಓದಿ. ನಮ್ಮದು 25 ವರ್ಷದ್ದು, ದರ ವರ್ಷಕ್ಕೆ ಶೇ 2ರಂತೆ ಏರುವ ಷರತ್ತಿತ್ತು. ಬಿಲ್ಲಿನಲ್ಲಿ ಮುರಿಯುವ ದರ ಏರದೆ ಇದು ಮಾತ್ರ ಏರುತ್ತಾ ಹೋದರೆ ಆ ಒಂದೂವರೆ ಸೆಂಟ್ ಕರಗಿಹೋಗುತ್ತದೆ. ಮನೆ ಬದಲಿಸಿದರೆ ಪಾಲು ಬಿಡಲು ಎಷ್ಟು ದಂಡ ಅನ್ನುವುದನ್ನೂ ಮೊದಲೇ ಕೇಳಿಕೊಳ್ಳಿ.

ಒಂದು ಜುಲೈನಲ್ಲಿ ಮಗನನ್ನು ಕರೆದುಕೊಂಡು ಗಾರ್ಡನ್ ನೋಡಲು ಹೋಗಿದ್ದೆ. ಬೇಲಿಯ ಆಚೆ ಸಾಲುಸಾಲು ಪ್ಯಾನೆಲ್. ಕೆಳಗೆ ಜಲ್ಲಿ ಇರಬಹುದು ಅಂದುಕೊಂಡಿದ್ದೆ. ನೋಡಿದರೆ ಮೊಣಕಾಲೆತ್ತರ ಹುಲ್ಲು, ನೇರಳೆ ಮತ್ತು ಹಳದಿ ಹೂವು, ಅದರ ತುಂಬಾ ಜೇನುಹುಳ. ಸೋಲಾರ್ ಹೊಲದಲ್ಲಿ ಜೇನಿಗೆ ಬೇಕಾದ ಗಿಡ ಬೆಳೆಸಲು ಉತ್ತೇಜನ ಕೊಡುವ ಕಾನೂನನ್ನು ಈ ರಾಜ್ಯ 2016ರಲ್ಲೇ ಮಾಡಿದೆ. ಮಗ ಬೇಲಿಯ ತಂತಿ ಹಿಡಿದುಕೊಂಡು "ಅಪ್ಪಾ, ಇದರಲ್ಲಿ ನಮ್ಮದು ಯಾವುದು?" ಅಂತ ಕೇಳಿದ. ಇಂಥದ್ದೇ ನಮ್ಮದು ಅಂತ ಇಲ್ಲ, ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ನಮ್ಮದು ಅಂದೆ. ಅವನು ಹತ್ತಿರದ ಒಂದನ್ನು ಆರಿಸಿ "ಇದು ನಂದು" ಅಂದ.

ಈಗ ಸೂರಿನ ಸೋಲಾರ್. 6 ಕಿಲೋವ್ಯಾಟ್‌ಗೆ 18,600 ಡಾಲರ್ ಆಯಿತು. ಆಗ ಕೇಂದ್ರ ಸರ್ಕಾರದ ಶೇ 30ರ ತೆರಿಗೆ ರಿಯಾಯಿತಿ ಇತ್ತು, ಹಾಗಾಗಿ ಕೈಯಿಂದ ಹೋದದ್ದು ಸುಮಾರು 13,000. ವರ್ಷಕ್ಕೆ 7,200 ಯೂನಿಟ್‌ನಷ್ಟು ಬರುತ್ತದೆ. 40 ಕಿಲೋವ್ಯಾಟ್‌ಗಿಂತ ಚಿಕ್ಕ ಘಟಕಗಳ ಮಿಕ್ಕ ಕರೆಂಟನ್ನು ಕರೆಂಟ್ ಕಂಪನಿ ಚಿಲ್ಲರೆ ದರದಲ್ಲೇ, ಅಂದರೆ ನಮಗೆ ಮಾರುವ ದರದಲ್ಲೇ, ಕೊಳ್ಳುವ ಪದ್ಧತಿ ಇಲ್ಲಿ 1983ರಿಂದ ಇದೆ. ವರ್ಷಕ್ಕೆ ಸಾವಿರ ಡಾಲರ್ ಉಳಿಯುತ್ತದೆ. ಹಾಕಿದ್ದು ವಾಪಸ್ ಬರಲು 13 ವರ್ಷ. ಅಲ್ಲಿಂದಾಚೆ ಪೂರ್ತಿ ಲಾಭ. ಪಾಲಿನ 80 ಡಾಲರ್ ಎಲ್ಲಿ, ಇದೆಲ್ಲಿ!

ಆದರೆ ಆ ಲೆಕ್ಕದಲ್ಲಿ ಸೂರಿನ ವಯಸ್ಸು ಸೇರಿಲ್ಲ. ಇಲ್ಲಿನ ಮನೆಗಳಿಗೆ ಡಾಂಬರಿನ ಹಾಳೆಯ ಹೊದಿಕೆ. ನಮ್ಮದಕ್ಕೆ ಆಗಲೇ 14 ವರ್ಷ. ಆಲಿಕಲ್ಲು ಮಳೆ ಜೋರಾಗಿ ಬಿದ್ದರೆ ಹೊದಿಕೆ ಬದಲಿಸಬೇಕು, ಅದಕ್ಕೆ ಮೊದಲು ಪ್ಯಾನೆಲ್ ಇಳಿಸಬೇಕು, ಮತ್ತೆ ಏರಿಸಬೇಕು. ಅದರ ಖರ್ಚು ನಮ್ಮದೇ.

ಇನ್ನು ಹಿಮ. ಜುಲೈನಲ್ಲಿ 850 ಯೂನಿಟ್ ಕೊಡುವ ಪ್ಯಾನೆಲ್ ಡಿಸೆಂಬರ್‌ನಲ್ಲಿ 170 ಕೊಟ್ಟರೆ ಹೆಚ್ಚು. ಮೊದಲ ಚಳಿಗಾಲ ನಾನು ಸ್ಪಂಜು ಕಟ್ಟಿದ ಉದ್ದ ಕೋಲು ಹಿಡಿದು ಹಿಮ ಎಳೆಯಲು ಹೋದೆ. ಮೈನಸ್ 20 ಡಿಗ್ರಿ. ಮೇಲಿಂದ ಒಂದು ಗುಡ್ಡೆ ಜಾರಿ ಸೀದಾ ಕತ್ತಿನೊಳಗೆ ಇಳಿಯಿತು. ಸಿಕ್ಕಿದ್ದು ಅವತ್ತಿನ ಐದಾರು ಯೂನಿಟ್, ಅಂದರೆ ಒಂದು ಡಾಲರೂ ಇಲ್ಲ. ಈಗ ಬಿಸಿಲು ಬಂದು ತಾನಾಗಿ ಜಾರಲಿ ಅಂತ ಬಿಟ್ಟುಬಿಡುತ್ತೇನೆ. ಗಾರ್ಡನ್‌ನಲ್ಲೂ ಹಿಮ ಬೀಳುತ್ತದೆ, ಆದರೆ ಅದನ್ನು ನೋಡಿಕೊಳ್ಳುವವರು ಬೇರೆ.

ಕರೆಂಟ್ ಹೋದಾಗ ಮನೆಯಲ್ಲಿ ದೀಪ ಉರಿಯುತ್ತದಾ? ಬ್ಯಾಟರಿ ಇಲ್ಲದಿದ್ದರೆ ಎರಡರಲ್ಲೂ ಇಲ್ಲ. ತಂತಿ ರಿಪೇರಿ ಮಾಡುವವರಿಗೆ ಶಾಕ್ ಹೊಡೆಯಬಾರದು ಅಂತ ಸೂರಿನ ಸೋಲಾರ್‌ನ ಇನ್ವರ್ಟರ್ (ಪ್ಯಾನೆಲ್‌ನ ಕರೆಂಟನ್ನು ಮನೆಯ ಬಳಕೆಗೆ ಬರುವಂತೆ ಬದಲಿಸುವ ಪೆಟ್ಟಿಗೆ) ತಾನೇ ನಿಂತುಬಿಡುತ್ತದೆ. ಪ್ಯಾನೆಲ್ ಮಾರುವವರು ಇದನ್ನು ತಾವಾಗಿ ಹೇಳುವುದು ಕಡಿಮೆ.

ಬೆಂಗಳೂರಿನ ಫ್ಲ್ಯಾಟ್‌ನಲ್ಲಿರುವ ತಂಗಿಗೂ ಇದೇ ಪ್ರಶ್ನೆ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಸ್ವಂತ ಮನೆಗೆ 3 ಕಿಲೋವ್ಯಾಟ್ ಹಾಕಿಸಿದರೆ 78,000 ರೂಪಾಯಿ ಸಹಾಯಧನ. ಅಪಾರ್ಟ್‌ಮೆಂಟ್ ಸಂಘಕ್ಕೆ ಕಿಲೋವ್ಯಾಟ್‌ಗೆ 18,000, ಅದೂ ಲಿಫ್ಟ್, ಪಂಪು, ಕಾರಿಡಾರ್ ದೀಪದಂಥ ಎಲ್ಲರ ಬಳಕೆಗೆ. ಅವಳ ಮನೆಯ ಬಿಲ್ ಅದರಿಂದ ಇಳಿಯುವುದಿಲ್ಲ, ತಿಂಗಳ ಮೇಂಟೆನೆನ್ಸ್ ಇಳಿಯಬಹುದು. ಒಂದೇ ತಾರಸಿಯ ಕರೆಂಟನ್ನು ಹತ್ತು ಮನೆಗಳ ಮೀಟರಿಗೆ ಹಂಚುವುದೇ ಅಲ್ಲಿಗೆ ಸರಿಯಾದ ದಾರಿ ಅಂತ ನನ್ನ ಗಟ್ಟಿ ಅಭಿಪ್ರಾಯ. ದೆಹಲಿ 2019ರಲ್ಲೇ ಅದಕ್ಕೆ ನಿಯಮ ಮಾಡಿದೆ.

ನನ್ನ ತೀರ್ಮಾನ ಕೇಳಿದರೆ, ಹೊಸ ಸೂರು, ನೆರಳಿಲ್ಲದ ದಕ್ಷಿಣ ದಿಕ್ಕು, ಹತ್ತು ಹದಿನೈದು ವರ್ಷ ಅಲ್ಲೇ ಇರುವ ಗ್ಯಾರಂಟಿ, ಈ ಮೂರೂ ಇದ್ದರೆ ಸೂರಿನ ಮೇಲೆ ಹಾಕಿಸಿ. ಒಂದು ಇಲ್ಲದಿದ್ದರೂ ಮೊದಲು ಪಾಲಿನದನ್ನು ವಿಚಾರಿಸಿ. ಆ ಶೇ 30ರ ರಿಯಾಯಿತಿ 2025ರ ಡಿಸೆಂಬರ್ 31ಕ್ಕೆ ನಿಂತಿರುವುದರಿಂದ ಇವತ್ತು ನನ್ನ ಲೆಕ್ಕವೇ 13 ವರ್ಷದಿಂದ ಹದಿನೆಂಟೂವರೆಗೆ ಹೋಗುತ್ತಿತ್ತು.

ನಮ್ಮ ಪಕ್ಕದ ಮನೆಯ ದಕ್ಷಿಣಕ್ಕೆ ಒಂದು ದೊಡ್ಡ ಓಕ್ ಮರ ಇದೆ. ಅದನ್ನು ಕಡಿಸಿದರೆ ಚೆನ್ನಾಗಿ ಬಿಸಿಲು ಬೀಳುತ್ತದೆ ಅಂತ ಪ್ಯಾನೆಲ್‌ನವರು ಹೇಳಿ ಹೋಗಿದ್ದರು. ಪಕ್ಕದ ಮನೆಯವರು ಗಾರ್ಡನ್‌ನಲ್ಲಿ ಪಾಲು ತಗೊಂಡರು. ಮರ ಹಾಗೇ ನಿಂತಿದೆ, ಮಧ್ಯಾಹ್ನದ ನೆರಳು ನಮ್ಮ ಅಡುಗೆಮನೆ ಕಿಟಕಿಯವರೆಗೂ ಬರುತ್ತದೆ.