ಸ್ವಿಫ್ಟ್ ಪೆಟ್ರೋಲ್‌ಗೆ ಟ್ಯಾಪೆಟ್ ಕವರ್ ಪ್ಯಾಕಿಂಗ್: ಕಂಪನಿಯದೋ, ಲೋಕಲ್ಲೋ?

ವಾಲ್ವ್ ಕವರ್ ಗ್ಯಾಸ್ಕೆಟ್ ಎಂದು ಕೇಳಿದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯವರು ಒಂದು ಕ್ಷಣ ಯೋಚಿಸುತ್ತಾರೆ. ‘ಟ್ಯಾಪೆಟ್ ಕವರ್ ಪ್ಯಾಕಿಂಗ್’ ಎಂದರೆ ಸರಕ್ಕನೆ ಎತ್ತಿಕೊಡುತ್ತಾರೆ. ಎಂಜಿನ್ನಿನ ಸಿಲಿಂಡರ್ ಹೆಡ್ಡಿಗೂ ಅದರ ಮೇಲಿನ ಮುಚ್ಚಳಕ್ಕೂ ನಡುವೆ ಕೂತು ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಸುತ್ತು ಅದು. ಇಲ್ಲಿ ಹೋಲಿಸಿರುವುದು 1.2 ಲೀಟರಿನ ಕೆ12ಎಂ ಪೆಟ್ರೋಲ್ ಎಂಜಿನ್ನಿಗೆ, ಅಂದರೆ ರಿಟ್ಜ್ ಮತ್ತು 2010ರಿಂದ 2021ರ ಆರಂಭದವರೆಗಿನ ಸ್ವಿಫ್ಟ್‌ಗಳಿಗೆ, ಸಿಗುವ ಎರಡು ಬಗೆಯನ್ನು: ಮಾರುತಿ ಜೆನ್ಯೂನ್ ಪಾರ್ಟ್ಸ್ ಪ್ಯಾಕೆಟ್ಟಿನದು ಮತ್ತು ಹೆಸರಿಲ್ಲದ ಪ್ಲಾಸ್ಟಿಕ್ ಕವರಿನಲ್ಲಿ ಬರುವ ಲೋಕಲ್ ಮಾಲು. ಕಂಪನಿಯದನ್ನೇ ತನ್ನಿ. ಬೆಲೆಯ ವ್ಯತ್ಯಾಸ ಕೆಲವು ನೂರು ರೂಪಾಯಿ, ಆದರೆ ಲೋಕಲ್ ಪ್ಯಾಕಿಂಗ್ ಸೋರಿದರೆ ಅರ್ಧ ದಿನದ ಕೆಲಸ ಮತ್ತೆ ಮೊದಲಿಂದ.

ಎರಡನ್ನೂ ಅಂಗೈ ಮೇಲೆ ಇಟ್ಟುಕೊಂಡರೆ ವ್ಯತ್ಯಾಸ ಕಾಣುತ್ತದೆ. ಒಳ್ಳೆಯ ಪ್ಯಾಕಿಂಗಿನ ಅಂಚಿನ ಏಣು ಸುತ್ತಲೂ ಒಂದೇ ಎತ್ತರಕ್ಕಿರುತ್ತದೆ, ಅಚ್ಚಿನ ಜೋಡಿನಲ್ಲಿ ರಬ್ಬರಿನ ಚೂರು ಉಳಿದಿರುವುದಿಲ್ಲ. ಲೋಕಲ್ ಮಾಲನ್ನು ಮಡಚಿ ತುಂಬಿರುವುದರಿಂದ ಮಡಿಕೆ ಬಿದ್ದ ಜಾಗ ಹಾಗೇ ಸೊಟ್ಟಗಿರುತ್ತದೆ. ನಿಜವಾದ ಪರೀಕ್ಷೆ ಮಾತ್ರ ಕವರಿನ ಅಂಚಿನ ತೋಡಿನಲ್ಲಿ (ಗ್ರೂವ್). ಪ್ಯಾಕಿಂಗನ್ನು ಒತ್ತಿ ಕೂರಿಸಿ, ಕವರನ್ನು ಬೋರಲು ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಒಂದು ಮೂಲೆಯಾದರೂ ಜೋತುಬಿದ್ದರೆ ವಾಪಸ್ ಕೊಡಿ. ಹೆಡ್ ಮೇಲೆ ಇಳಿಸುವಾಗ ಅದೇ ಮೂಲೆ ತೋಡಿನಿಂದ ಜಾರಿ ಅಡ್ಡ ಸಿಕ್ಕಿಕೊಳ್ಳುತ್ತದೆ. ಹೊರಗಿನಿಂದ ಅದು ಕಾಣುವುದೂ ಇಲ್ಲ.

ಇನ್ನು ರಬ್ಬರಿನ ಜಾತಿ. ಅಗ್ಗದ್ದು ಬಹುಪಾಲು ನೈಟ್ರೈಲ್. ಎಣ್ಣೆಗೆ ಜಗ್ಗದು, ಆದರೆ 100 ಡಿಗ್ರಿ ಮೀರಿದ ಕಾವನ್ನು ದಿನವೂ ತಿಂದರೆ ಗಟ್ಟಿಯಾಗುತ್ತದೆ. ಅಕ್ರಿಲಿಕ್ ರಬ್ಬರ್ 150ರ ಹತ್ತಿರದವರೆಗೆ ತಡೆಯುತ್ತದೆ. ಕಾವು ತಿಂದ ಹಳೆಯ ಪ್ಯಾಕಿಂಗನ್ನು ಬಾಗಿಸಿ ನೋಡಿ, ಕೋಡುಬಳೆಯ ಹಾಗೆ ಪಟ್ಟೆಂದು ಮುರಿಯುತ್ತದೆ. ಕಪ್ಪಗಿರುವ ರಬ್ಬರೆಲ್ಲ ಒಂದೇ ಥರ ಕಾಣುವುದರಿಂದ ಕೌಂಟರಿನಲ್ಲಿ ನಿಂತು ಜಾತಿ ಪತ್ತೆಹಚ್ಚಲಾಗದು. ಹೆಸರಿಲ್ಲದ ಪ್ಯಾಕೆಟ್ಟಿನ ಮೇಲೆ ನಮ್ಮ ಮುಖ್ಯ ತಕರಾರು ಇದೇ.

ಕಂಪನಿ ಪಾರ್ಟಿನ ಮೇಲೂ ಒಂದು ಗೊಣಗಾಟವಿದೆ. ಸ್ಪಾರ್ಕ್ ಪ್ಲಗ್ ಕೂರುವ ನಾಲ್ಕು ಆಳದ ತೂತುಗಳ, ಅಂದರೆ ಪ್ಲಗ್ ಬಾವಿಗಳ, ರಿಂಗುಗಳನ್ನು ಹೆಸರು ಹಿಡಿದು ಕೇಳದಿದ್ದರೆ ಹೊರಸುತ್ತಿನ ಪ್ಯಾಕಿಂಗ್ ಮಾತ್ರ ಕೈಗೆ ಬಂದೀತು. ಹಳೆಯ ರಿಂಗನ್ನೇ ಬಿಟ್ಟರೆ ಎಣ್ಣೆ ಬಾವಿಗೆ ಇಳಿದು, ಪ್ಲಗ್ಗಿಗೆ ಕರೆಂಟು ಕೊಡುವ ಇಗ್ನಿಷನ್ ಕಾಯಿಲ್ಲಿನ ರಬ್ಬರ್ ಬೂಟು ಉಬ್ಬಿ, ಎಂಜಿನ್ ಮಿಸ್ ಹೊಡೆಯುತ್ತದೆ. ಚಾಸಿಸ್ ನಂಬರ್ ಕೊಟ್ಟು ಎರಡನ್ನೂ ಒಟ್ಟಿಗೆ ತರಿಸಿ.

ಮನೆಯಲ್ಲಿ ಮಾಡಲು ಕಷ್ಟದ ಕೆಲಸವಲ್ಲ. 10 ಎಂಎಂ ಸಾಕೆಟ್, ಕಾಲಿಂಚಿನ ರಾಚೆಟ್, ಸಣ್ಣ ಟಾರ್ಕ್ ರೆಂಚ್, ಬ್ರೇಕ್ ಕ್ಲೀನರ್ ಸ್ಪ್ರೇ, ಪ್ಲಾಸ್ಟಿಕ್ ಸ್ಕ್ರೇಪರ್, ಸಂದಿ ಮುಚ್ಚುವ ಅಂಟಾದ ಆರ್‌ಟಿವಿ ಸಿಲಿಕೋನ್ ಒಂದು ಟ್ಯೂಬ್ ಸಾಕು. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬ್ಯಾಟರಿಯ ನೆಗೆಟಿವ್ ಕಳಚಿ, ಕವರಿನ ಸುತ್ತಲಿನ ಧೂಳನ್ನು ಗಾಳಿ ಹೊಡೆದು ತೆಗೆದ ಮೇಲೆಯೇ ಕಾಯಿಲ್‌ಗಳಿಗೆ ಕೈ ಹಾಕಿ. ಬಾವಿಯಲ್ಲಿ ಎಣ್ಣೆ ನಿಂತಿದ್ದರೆ ಬಟ್ಟೆಯಿಂದ ಹೀರಿಸಿ. ಕವರ್ ಅಂಟಿಕೊಂಡಿದ್ದರೆ ರಬ್ಬರ್ ಸುತ್ತಿಗೆಯಿಂದ ಪಕ್ಕಕ್ಕೆ ತಟ್ಟಿ. ಸ್ಕ್ರೂಡ್ರೈವರ್ ತೂರಿಸಿ ಎತ್ತಿದರೆ ಅಲ್ಯೂಮಿನಿಯಂ ಮೇಲೆ ಬೀಳುವ ಗೀರಿನಲ್ಲೇ ಮುಂದೆ ಎಣ್ಣೆ ಜಿನುಗುತ್ತದೆ. ಟೈಮಿಂಗ್ ಚೈನ್ ಇರುವ ಬದಿಗೆ ಬಟ್ಟೆ ಮುಚ್ಚಿ: ಒಳಗೆ ಬಿದ್ದ ರಬ್ಬರ್ ಚೂರು ಕೆಳಗಿನ ಎಣ್ಣೆ ತೊಟ್ಟಿಯ (ಸಂಪ್) ತನಕ ಹೋಗುತ್ತದೆ.

ಸಿಲಿಕೋನ್ ವಿಷಯದಲ್ಲೇ ಹೆಚ್ಚಿನವರು ಎಡವುವುದು. ಶೆಲ್ಯಾಕ್ ಬಳಿದು ಕಾರ್ಕ್ ಪ್ಯಾಕಿಂಗ್ ಹಾಕುತ್ತಿದ್ದ ಅಂಬಾಸಿಡರ್ ಕಾಲದ ಅಭ್ಯಾಸ ಇನ್ನೂ ಹೋಗಿಲ್ಲ, ಸುತ್ತಲೂ ಅನಬಾಂಡ್ ಸಿಲಿಕೋನ್ ಎಳೆದುಬಿಡುತ್ತಾರೆ. ರಬ್ಬರ್ ಪ್ಯಾಕಿಂಗಿಗೆ ಅದು ಬೇಡ. ಜಾರಿಸುತ್ತದೆ, ಹೆಚ್ಚಾದದ್ದು ಒಳಗೆ ಉದುರಿ ಆಯಿಲ್ ಸ್ಟ್ರೈನರಿಗೆ ಅಡರುತ್ತದೆ. ಟೈಮಿಂಗ್ ಕವರೂ ಹೆಡ್ಡೂ ಕೂಡುವ ಎರಡು ಜೋಡುಗಳಲ್ಲಿ ಮಾತ್ರ, ಒಂದೊಂದು ಅವರೆಕಾಳಿನಷ್ಟು ಇಡಿ. ಮೇಲ್ಮೈ ಒಣಗುವ ಮೊದಲೇ ಕವರ್ ಕೂರಿಸಬೇಕು.

ಬೋಲ್ಟ್‌ಗಳನ್ನು ಮೊದಲು ಬೆರಳಲ್ಲೇ ತಿರುಗಿಸಿ, ಆಮೇಲೆ ನಡುವಿನಿಂದ ಹೊರಕ್ಕೆ ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿ. ಈ ಅಳತೆಯ ಎಂ6 ಬೋಲ್ಟ್‌ಗೆ ಸಾಮಾನ್ಯವಾಗಿ 7ರಿಂದ 10 ನ್ಯೂಟನ್ ಮೀಟರ್ ಸಾಕು. ನಿಮ್ಮ ಗಾಡಿಯ ಸರ್ವೀಸ್ ಮ್ಯಾನ್ಯುಯಲ್ ಹೇಳುವ ಅಂಕಿಯೇ ಕೊನೆ ಮಾತು. ಸೋರುತ್ತಿದೆ ಎಂದು ಇನ್ನೊಂದು ಸುತ್ತು ಎಳೆದರೆ ರಬ್ಬರ್ ಹಿಂಡಿಹೋಗುತ್ತದೆ, ಇಲ್ಲವೇ ಹೆಡ್ಡಿನಲ್ಲಿರುವ ಬೋಲ್ಟಿನ ಥ್ರೆಡ್ಡೇ ಕಿತ್ತುಬರುತ್ತದೆ. ಆಗ ಥ್ರೆಡ್ ಸರಿಮಾಡಲು ತಂತಿಸುರುಳಿಯ ಹೆಲಿಕಾಯಿಲ್ ಹಾಕಿಸುವ ಖರ್ಚಿನ ಮುಂದೆ ಪ್ಯಾಕಿಂಗಿನ ಬೆಲೆ ಲೆಕ್ಕಕ್ಕೇ ಇಲ್ಲ.

ಹೊಸ ಪ್ಯಾಕಿಂಗ್ ಕೆಲವೇ ತಿಂಗಳಲ್ಲಿ ಮತ್ತೆ ಒಸರಿದರೆ ಅಂಗಡಿಯವರ ಜತೆ ಜಗಳಕ್ಕೆ ನಿಲ್ಲುವ ಮೊದಲು, ಎಂಜಿನ್ನಿನ ಕ್ರ್ಯಾಂಕ್‌ಕೇಸಿನಲ್ಲಿ ಸೇರುವ ಅನಿಲಕ್ಕೆ ದಾರಿ ಬಿಡುವ ಪಿಸಿವಿ ವಾಲ್ವ್ ನೋಡಿ. ಬಿಚ್ಚಿ ಅಲ್ಲಾಡಿಸಿದರೆ ಟಿಕ್ ಟಿಕ್ ಎನ್ನಬೇಕು. ಅದು ಕಟ್ಟಿಕೊಂಡಿದ್ದರೆ ಕ್ರ್ಯಾಂಕ್‌ಕೇಸಿನ ಒತ್ತಡ ಎಂಥ ಪ್ಯಾಕಿಂಗಿನ ಸಂದಿಯಲ್ಲೂ ಎಣ್ಣೆಯನ್ನು ಹೊರದೂಡುತ್ತದೆ. ಆಯಿಲ್ ಮುಚ್ಚಳದ ವಾಷರ್ ಅಥವಾ ಕ್ಯಾಮ್ ಸೆನ್ಸರಿನ ಓ-ರಿಂಗ್ ಸೋರಿದ್ದಕ್ಕೂ ಪ್ಯಾಕಿಂಗೇ ಬೈಸಿಕೊಳ್ಳುವುದುಂಟು.

ಸಿಲಿಕೋನ್ ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಸ್ಟಾರ್ಟ್ ಮಾಡಿ. ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು. ಹಳೆಯ ಎಣ್ಣೆ ಕಲೆಯನ್ನು ಮೊದಲೇ ಒರೆಸಿಟ್ಟಿರಿ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ಉಳಿದದ್ದು ಒಂದೆರಡು ದಿನ ಸುಟ್ಟ ವಾಸನೆ ಕೊಟ್ಟು ಸುಮ್ಮನೆ ಹೆದರಿಸುತ್ತದೆ. ನೂರು ಕಿಲೋಮೀಟರ್ ಓಡಿದ ಮೇಲೆ ಟಾರ್ಚ್ ಹಿಡಿದು ಹಿಂಬದಿಯ ಅಂಚನ್ನು ನೋಡಿ, ಒಂದು ಕಾಯಿಲ್ ಎತ್ತಿ ಬಾವಿಯೊಳಗೂ ಇಣುಕಿ.